ಎಸಿಸಿ ಬ್ಯಾಂಡ್ ಬರುತ್ತಿಲ್ಲವೇ? ಆಂಟಿಬಾಡಿಯನ್ನು ಬೈಯುವ ಮೊದಲು

ಮೂರು ತಿಂಗಳು ನಾನು ಒಂದು ಆಂಟಿಬಾಡಿಯನ್ನು ಬೈದಿದ್ದೇನೆ. ಎಸಿಸಿ ಎಂಬ ದೊಡ್ಡ ಪ್ರೋಟೀನನ್ನು ಹಿಡಿದು ತೋರಿಸಬೇಕಾದ್ದು ಅದು. ಕಂಪನಿಗೆ ದೂರಿನ ಇಮೇಲ್ ಕೂಡ ಬರೆದಿಟ್ಟಿದ್ದೆ, ಕಳಿಸಿರಲಿಲ್ಲ ಅಷ್ಟೇ. ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ಹಾಳೆಗೆ ವರ್ಗಾಯಿಸಿ (ಇದೇ ಟ್ರಾನ್ಸ್‌ಫರ್), ಬೇಕಾದ್ದನ್ನು ಆಂಟಿಬಾಡಿಯಿಂದ ಒಂದು ಗೆರೆಯಾಗಿ, ಅಂದರೆ ಬ್ಯಾಂಡ್ ಆಗಿ, ಕಾಣಿಸುವ ವಿಧಾನ. ಪ್ರತಿ ಸಲವೂ ಬ್ಲಾಟಿನ ಮೇಲ್ಭಾಗ ಖಾಲಿ, ತೊಳೆದಿಟ್ಟ ತಟ್ಟೆಯ ಹಾಗೆ. ಕೊನೆಗೊಂದು ದಿನ, ಟ್ರಾನ್ಸ್‌ಫರ್ ಮುಗಿದ ಮೇಲೆ ಉಳಿದ ಜೆಲ್ಲನ್ನು ಬಿಸಾಡುವ ಬದಲು ಪ್ರೋಟೀನಿಗೆ ಹಿಡಿಯುವ ಕೂಮಾಸಿ ಬಣ್ಣಕ್ಕೆ ಹಾಕಿದೆ. ದೊಡ್ಡ ಪ್ರೋಟೀನುಗಳೆಲ್ಲ ಜೆಲ್ಲಿನಲ್ಲೇ ಆರಾಮಾಗಿ ಕೂತಿದ್ದವು. ಮೆಂಬ್ರೇನಿಗೆ ಬಂದೇ ಇರಲಿಲ್ಲ. ಇಲ್ಲದ್ದನ್ನು ಆಂಟಿಬಾಡಿ ಹೇಗೆ ಹಿಡಿಯುತ್ತದೆ, ಅಲ್ವಾ?

ಮೈಸೂರಿನಲ್ಲೋ ಮಂಡ್ಯದಲ್ಲೋ ಮೊದಲ ಸಲ ಎಸಿಸಿ ಬ್ಲಾಟ್ ಮಾಡಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಸ್‌ಡಿಎಸ್ ಜೆಲ್ ಓಡಿಸಿ ಗೊತ್ತಿದೆ, ಆಕ್ಟಿನ್ ಎಂಬ ಚಿಕ್ಕ ಪ್ರೋಟೀನಿನ ಬ್ಯಾಂಡ್ ನೋಡಿದ್ದೀರಿ ಎಂದುಕೊಂಡೇ ಬರೆದಿದ್ದೇನೆ. ಆಕ್ಟಿನ್ ಬಂದವರಿಗೆಲ್ಲ ಎಸಿಸಿ ಬರುವುದಿಲ್ಲ.

ಎಸಿಸಿ ಅಂದರೆ ಸಿಮೆಂಟ್ ಅಲ್ಲ

ಇದು ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಅನ್ನುವ ಕಿಣ್ವ. ನಾನು ಮಂಡ್ಯ ಕಡೆಯವನು. ಮನೆ ಹಿಂದೆಯೇ ಆಲೆಮನೆ. ಊರಿಗೆ ಹೋದಾಗ ಅವ್ವ ಕೇಳುತ್ತಾಳೆ: "ಇಲಿಗೆ ಬೆಲ್ಲ ತಿನ್ಸಿ ಏನ್ಲಾ ಮಗ ನೋಡೀಯೆ?" ನಾನು ಹೇಳುವ ಉತ್ತರ ಇಷ್ಟೇ: ತಿಂದ ಬೆಲ್ಲ ಹೊಟ್ಟೆಯ ಬೊಜ್ಜಾಗುವ ದಾರಿಯಲ್ಲಿ ಒಂದು ಗೇಟ್ ಇದೆ, ಅದನ್ನು ನೋಡುತ್ತೇನೆ.

ಸಕ್ಕರೆ ಒಡೆದು ಅಸಿಟೈಲ್ ಕೋಎ ಆಗುತ್ತದೆ. ಎಸಿಸಿ ಅದಕ್ಕೆ ಬೈಕಾರ್ಬೊನೇಟಿನಿಂದ ಒಂದು ಇಂಗಾಲ ಸೇರಿಸಿ ಮ್ಯಾಲೋನೈಲ್ ಕೋಎ ಮಾಡುತ್ತದೆ. ಇದಕ್ಕೆ ಎಟಿಪಿ ಖರ್ಚಾಗುತ್ತದೆ, ಬಯೋಟಿನ್ ಬೇಕಾಗುತ್ತದೆ. ಮ್ಯಾಲೋನೈಲ್ ಕೋಎ ಎಂಬ ಈ ನಡುವಿನ ವಸ್ತುವನ್ನು ಸಾಲಿಹ್ ವಾಕಿಲ್ ಗುರುತಿಸಿದ್ದು 1958ರಲ್ಲಿ. ಕೊಬ್ಬಿನಾಮ್ಲ ಕಟ್ಟುವ ಕೆಲಸ ಇಲ್ಲಿಂದ ಶುರು. ಅಷ್ಟೇ ಅಲ್ಲ, ಇದೇ ಮ್ಯಾಲೋನೈಲ್ ಕೋಎ ಸಿಪಿಟಿ1 ಎಂಬ ಇನ್ನೊಂದು ಕಿಣ್ವವನ್ನು ತಡೆದು, ಕೊಬ್ಬು ಮೈಟೊಕಾಂಡ್ರಿಯಾದ ಒಳಗೆ ಹೋಗಿ ಉರಿಯದ ಹಾಗೆ ನೋಡಿಕೊಳ್ಳುತ್ತದೆ. ಕಟ್ಟುವಾಗ ಸುಡಬಾರದಲ್ಲ.

ಎಸಿಸಿಯಲ್ಲಿ ಎರಡು ಬಗೆ. ಎಸಿಸಿ1 ಸುಮಾರು 265 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ). ಲಿವರ್, ಕೊಬ್ಬಿನ ಅಂಗಾಂಶ ಇದರ ಮುಖ್ಯ ಜಾಗ. ಎಸಿಸಿ2 ಸುಮಾರು 280. ಹೃದಯ ಮತ್ತು ಮಾಂಸಖಂಡದಲ್ಲಿ ಜಾಸ್ತಿ, ಮೈಟೊಕಾಂಡ್ರಿಯಾದ ಹೊರಪೊರೆಗೆ ಅಂಟಿಕೊಂಡಿರುತ್ತದೆ. ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಎಎಂಪಿಕೆ ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಎಸಿಸಿ1ರ 79ನೇ ಅಮೈನೋ ಆಮ್ಲವಾದ ಸೆರೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಮನುಷ್ಯರ ಪ್ರೋಟೀನಿನಲ್ಲಿ ಅದೇ ಜಾಗದ ಎಣಿಕೆ 80. ಫಾಸ್ಫೇಟ್ ಬಿತ್ತೆಂದರೆ ಗೇಟ್ ಮುಚ್ಚಿತು. ಇದನ್ನು ಉಲ್ಟಾ ಓದುವವರು ತುಂಬಾ ಜನ. ಫಾಸ್ಫೋ ಬ್ಯಾಂಡ್, ಅಂದರೆ ಫಾಸ್ಫೇಟ್ ಅಂಟಿದ ಎಸಿಸಿಯ ಗೆರೆ, ದಪ್ಪಗಿದ್ದರೆ ಕಿಣ್ವ ಜೋರಾಗಿ ಕೆಲಸ ಮಾಡುತ್ತಿದೆ ಎಂದಲ್ಲ, ಮಂದವಾಗಿದೆ ಎಂದರ್ಥ.

ಆಂಟಿಬಾಡಿ ಆರಿಸುವುದು

ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ಗೊತ್ತುಮಾಡಿಕೊಳ್ಳಿ. ಕಿಣ್ವ ಎಷ್ಟಿದೆ ಎಂದು ನೋಡಲು ಒಟ್ಟು ಎಸಿಸಿಯ ಆಂಟಿಬಾಡಿ. ಎಷ್ಟು ಮುಚ್ಚಿದೆ ಎಂದು ನೋಡಲು ಫಾಸ್ಫೋ ಸೆರೀನ್ 79ರ ಆಂಟಿಬಾಡಿ. ನಿಜ ಹೇಳಬೇಕೆಂದರೆ ಎರಡೂ ಬೇಕು. ಒಟ್ಟು ಎಷ್ಟೆಂದು ತಿಳಿಯದೆ ಫಾಸ್ಫೋ ಒಂದನ್ನೇ ನೋಡಿದರೆ, ಕಿಣ್ವವೇ ಜಾಸ್ತಿಯಾಯಿತೋ ಫಾಸ್ಫೇಟ್ ಜಾಸ್ತಿಯಾಯಿತೋ ಗೊತ್ತಾಗುವುದಿಲ್ಲ.

ಡೇಟಾಶೀಟಿನಲ್ಲಿ ನಾನು ಮೊದಲು ನೋಡುವುದು ಯಾವ ತುಂಡನ್ನು ಕೊಟ್ಟು ಆಂಟಿಬಾಡಿ ಮಾಡಿದ್ದಾರೆ ಎಂಬುದನ್ನು. ಎರಡೂ ಎಸಿಸಿಗೆ ಹೊಂದುವ ಭಾಗವಾದರೆ ಎರಡನ್ನೂ ಹಿಡಿಯುತ್ತದೆ. ಲಿವರ್ ಕೆಲಸಕ್ಕೆ ಅದು ನಡೆಯುತ್ತದೆ, ಮಾಂಸಖಂಡದಲ್ಲಿ ಎಸಿಸಿ1 ಹುಡುಕುವವರಿಗೆ ತಲೆನೋವು. ಫಾಸ್ಫೋ ಆಂಟಿಬಾಡಿಗಳೂ ಎಸಿಸಿ2ರ ಅದೇ ಜಾಗವನ್ನು ಹಿಡಿಯುವುದುಂಟು. ಆಮೇಲೆ ಯಾವ ಪ್ರಾಣಿಯಲ್ಲಿ ಪರೀಕ್ಷಿಸಿದ್ದಾರೆ ನೋಡಿ. "ಮನುಷ್ಯ, ಮೌಸ್" ಎಂದಷ್ಟೇ ಬರೆದಿದ್ದು ನಿಮ್ಮದು ರ‍್ಯಾಟ್ ಆದರೆ ಕೇಳಿ ಖಚಿತ ಮಾಡಿಕೊಳ್ಳಿ. ಇನ್ನು ಚಿತ್ರ. ಜೀನ್ ತೆಗೆದ ಅಥವಾ ತಗ್ಗಿಸಿದ ಕೋಶದಲ್ಲಿ ಬ್ಯಾಂಡ್ ಮಾಯವಾಗುವುದನ್ನು ತೋರಿಸಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಬರೀ ಒಂದು ಲೇನಿನಲ್ಲಿ ಒಂದು ಕಪ್ಪು ಗೆರೆ ತೋರಿಸಿ "ಪರೀಕ್ಷಿತ" ಎಂದವರನ್ನು ನಾನು ನಂಬುವುದಿಲ್ಲ.

ಚಿಕ್ಕ ಪ್ಯಾಕ್ ಸಿಕ್ಕರೆ ಮೊದಲು ಅದನ್ನೇ ತರಿಸಿ.

ಪಾರ್ಸೆಲ್ ಬಂದ ದಿನ

ನಮ್ಮಲ್ಲಿಗೆ ಇಂಥ ಸರಕು ಹೆಚ್ಚಾಗಿ ಬೆಂಗಳೂರಿನಿಂದ ಜೆಲ್ ಪ್ಯಾಕಿನಲ್ಲಿ ಬರುತ್ತದೆ. ಶನಿವಾರ ಸಂಜೆ ಬಂದು ಸೆಕ್ಯೂರಿಟಿಯವರ ಟೇಬಲ್ ಮೇಲೆ ಸೋಮವಾರದವರೆಗೆ ಕೂತ ಡಬ್ಬಿಯನ್ನು ನಾನು ಕಂಡಿದ್ದೇನೆ. ಆರ್ಡರ್ ಮಾಡುವಾಗಲೇ ವಾರದ ಮೊದಲ ಭಾಗದಲ್ಲಿ ಕಳಿಸಲು ಹೇಳಿ. ದಸರಾ ವಾರವಂತೂ ಬೇಡವೇ ಬೇಡ. ರಜೆಯೂ ಹೌದು, ಊರಿನ ರಸ್ತೆಗಳೂ ಬಂದ್.

ವಯಲ್ಲನ್ನು ಕೈಯಲ್ಲಿ ಕುಲುಕಬೇಡಿ, ವೋರ್ಟೆಕ್ಸ್ ಮೇಲೆ ಇಡಬೇಡಿ. ಮುಚ್ಚಳಕ್ಕೆ ಅಂಟಿದ ಹನಿ ಕೆಳಗಿಳಿಯಲು ಕೆಲವು ಸೆಕೆಂಡು ಸ್ಪಿನ್ ಮಾಡಿ. ಅರ್ಧದಷ್ಟು ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲೂ ಅದು ಗಟ್ಟಿಯಾಗುವುದಿಲ್ಲ, ಹಾಗೇ ಇಡಬಹುದು. ಗ್ಲಿಸರಾಲ್ ಇಲ್ಲದಿದ್ದರೆ 10 ಮೈಕ್ರೋಲೀಟರಿನಷ್ಟು ಹಂಚಿಡಿ. ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗಿದರೆ ಆಂಟಿಬಾಡಿ ಕೆಡುತ್ತದೆ. ತಾನಾಗಿ ಐಸ್ ಕರಗಿಸಿಕೊಳ್ಳುವ ಫ್ರೀಜರ್ ಬೇಡ, ಅದು ಆಗಾಗ ಬಿಸಿಯಾಗಿ ತಣ್ಣಗಾಗುತ್ತದೆ. ಬಾಗಿಲ ಹತ್ತಿರವೂ ಇಡಬೇಡಿ.

ಸ್ಯಾಂಪಲ್: ಆಟ ಗೆಲ್ಲುವುದೂ ಸೋಲುವುದೂ ಇಲ್ಲೇ

ಪ್ರಾಣಿಗಳ ಕೆಲಸಕ್ಕೆ ಸಂಸ್ಥೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಇರಲೇಬೇಕು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲಿ ಯಾವಾಗ ತಿಂದಿತ್ತು ಎಂಬುದನ್ನು ಮಾತ್ರ ಬರೆದಿಡಿ. ಇಲಿಗಳು ರಾತ್ರಿ ತಿನ್ನುತ್ತವೆ. ಬೆಳಿಗ್ಗೆ ಎಂಟಕ್ಕೆ ತೆಗೆದ ಲಿವರ್ ಬೇರೆ, ಸಂಜೆ ಐದಕ್ಕೆ ತೆಗೆದದ್ದು ಬೇರೆ. ಉಪವಾಸ ಹಾಕಿ ಮತ್ತೆ ಪಿಷ್ಟ ತಿನ್ನಿಸಿದರೆ ಲಿವರಿನಲ್ಲಿ ಎಸಿಸಿಯ ಪ್ರಮಾಣವೇ ಏರುತ್ತದೆ. ಎರಡು ಗುಂಪುಗಳನ್ನು ಹೋಲಿಸುವಾಗ ಒಂದು ಗುಂಪಿನ ಕೆಲಸ ಊಟಕ್ಕೆ ಮೊದಲು, ಇನ್ನೊಂದರದ್ದು ಊಟ ಮುಗಿಸಿ ಬಂದು ಮಾಡಿದರೆ ಬರುವ ವ್ಯತ್ಯಾಸ ನಿಮ್ಮ ಔಷಧದ್ದಾಗಿರದೆ ಗಡಿಯಾರದ್ದಾಗಿರಬಹುದು.

ಫಾಸ್ಫೋ ನೋಡುವವರಿಗೆ ಇನ್ನೊಂದು ಗಂಡಾಂತರ ಇದೆ. ರಕ್ತ ನಿಂತ ಕೂಡಲೇ ಅಂಗಾಂಶಕ್ಕೆ ಆಮ್ಲಜನಕ ತಪ್ಪುತ್ತದೆ, ಎಎಂಪಿಕೆ ಎದ್ದು ಕೂರುತ್ತದೆ, ಎಸಿಸಿಗೆ ಫಾಸ್ಫೇಟ್ ಬೀಳುತ್ತದೆ. ಲಿವರ್ ತೆಗೆದು, ತೂಕ ಮಾಡಿ, ಫೋಟೊ ಹಿಡಿದು, ಆಮೇಲೆ ಲಿಕ್ವಿಡ್ ನೈಟ್ರೋಜನ್ನಿಗೆ ಹಾಕಿದರೆ ಎಲ್ಲ ಗುಂಪಿನಲ್ಲೂ ದಪ್ಪ ಬ್ಯಾಂಡ್. ನಿಮ್ಮ ಕೈ ನಿಧಾನ ಎಂಬುದನ್ನೇ ನೀವು ಅಳೆದಂತಾಯಿತು. ಮೊದಲು ಒಂದು ತುಂಡು ಕತ್ತರಿಸಿ ತಕ್ಷಣ ಹೆಪ್ಪುಗಟ್ಟಿಸಿ. ತೂಕ, ಫೋಟೊ ಎಲ್ಲ ಉಳಿದದ್ದರಲ್ಲಿ. ಆ ಹೊತ್ತಿಗೆ ಇಬ್ಬರು ಇರಬೇಕು, ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ.

ಕೋಶಗಳನ್ನು ಒಡೆಯುವ ಲೈಸಿಸ್ ಬಫರ್ ಆಗಿ ರೀಪಾ ಎಂಬ ಡಿಟರ್ಜೆಂಟ್ ದ್ರಾವಣ ಸಾಕು. ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು, ತಡೆಯುವ ಕಾಕ್‌ಟೇಲ್ ಹಾಕಲೇಬೇಕು, ಯಾಕೆಂದರೆ ಇಷ್ಟು ಉದ್ದದ ಪ್ರೋಟೀನ್ ಬೇಗ ತುಂಡಾಗುತ್ತದೆ. ಅಂಥ ತಡೆಗಳಲ್ಲೊಂದಾದ ಪಿಎಂಎಸ್ಎಫ್ ನೀರಿನಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಬಳಸುವ ಕ್ಷಣದಲ್ಲೇ ಸೇರಿಸಿ. ಅದು ವಿಷ, ಗ್ಲವ್ಸ್ ಹಾಕಿ. ಫಾಸ್ಫೇಟ್ ಉಳಿಸಿಕೊಳ್ಳಲು 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಮತ್ತು ಬೀಟಾ ಗ್ಲಿಸರೋಫಾಸ್ಫೇಟ್ ಹಾಕಿ. ಬರೀ ಆರ್ಥೋವನಡೇಟ್ ಹಾಕಿ ಸುಮ್ನೆ ಕೂರುವವರಿದ್ದಾರೆ. ಅದು ಮುಖ್ಯವಾಗಿ ಟೈರೋಸಿನ್ ಫಾಸ್ಫಟೇಸುಗಳನ್ನು (ಟೈರೋಸಿನ್ನಿನಿಂದ ಫಾಸ್ಫೇಟ್ ಕಳಚುವ ಕಿಣ್ವಗಳನ್ನು) ತಡೆಯುತ್ತದೆ, ನಮ್ಮದು ಸೆರೀನ್.

ಐಸಿನ ಮೇಲೆ ಅರೆದು, 4 ಡಿಗ್ರಿಯಲ್ಲಿ 12,000 ಜಿ ವೇಗಕ್ಕೆ 15 ನಿಮಿಷ ತಿರುಗಿಸಿ. ಕೊಬ್ಬು ತುಂಬಿದ ಲಿವರ್ ಆದರೆ ಮೇಲೆ ಬಿಳಿ ಪದರ ತೇಲುತ್ತದೆ, ಕಾಯಿಸಿ ಆರಿಸಿದ ಹಾಲಿನ ಕೆನೆಯಂತೆ. ಅದನ್ನೂ ಮುಟ್ಟದೆ, ಕೆಳಗಿನ ಗಸಿಯನ್ನೂ ಕಲಕದೆ, ನಡುವಿನ ತಿಳಿಯನ್ನು ಟಿಪ್ಪಿನಿಂದ ಎಳೆದುಕೊಳ್ಳಿ. ಪ್ರೋಟೀನ್ ಅಳೆಯಲು ಬಿಸಿಎ ವಿಧಾನ ಒಳ್ಳೆಯದು. ರೀಪಾದಲ್ಲಿನ ಡಿಟರ್ಜೆಂಟ್ ಬ್ರಾಡ್‌ಫರ್ಡ್ ಲೆಕ್ಕವನ್ನು ಕೆಡಿಸುತ್ತದೆ. ಸ್ಯಾಂಪಲ್ ಬಫರ್ ಸೇರಿಸಿ 70 ಡಿಗ್ರಿಯಲ್ಲಿ 10 ನಿಮಿಷ ಇಡಿ. 95 ಡಿಗ್ರಿಗೆ 5 ನಿಮಿಷ ಇಟ್ಟರೂ ಬ್ಯಾಂಡ್ ಬಂದೀತು, ಆದರೆ ದೊಡ್ಡ ಪ್ರೋಟೀನಿಗೆ ಸಣ್ಣ ಉರಿ ವಾಸಿ ಎಂಬುದು ನನ್ನ ಅನುಭವ.

ಜೆಲ್

ಲ್ಯಾಬಿನಲ್ಲಿ ಎಲ್ಲರೂ ಹಾಕುವ 10 ಅಥವಾ 12 ಶೇಕಡಾ ಜೆಲ್ ಇಲ್ಲಿ ಕೆಲಸಕ್ಕೆ ಬಾರದು. 6 ಶೇಕಡಾ ಮಾಡಿ. 10 ಮಿಲಿಲೀಟರ್ ಜೆಲ್ಲಿಗೆ ನೀರು 5.3 ಮಿಲಿ, 30 ಶೇಕಡಾ ಅಕ್ರಿಲಮೈಡ್ ಮಿಶ್ರಣ 2 ಮಿಲಿ, ಪಿಎಚ್ 8.8ರ 1.5 ಮೋಲಾರ್ ಟ್ರಿಸ್ 2.5 ಮಿಲಿ, 10 ಶೇಕಡಾ ಎಸ್‌ಡಿಎಸ್ 0.1 ಮಿಲಿ, 10 ಶೇಕಡಾ ಎಪಿಎಸ್ 0.1 ಮಿಲಿ, ಕೊನೆಗೆ ಟೆಮೆಡ್ 8 ಮೈಕ್ರೋಲೀಟರ್. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ವಿಷ, ಬರಿಗೈ ಬೇಡ. ಇಷ್ಟು ತೆಳು ಜೆಲ್ ಕೈಯಲ್ಲಿ ನಿಲ್ಲುವುದಿಲ್ಲ, ನೀರ್ ದೋಸೆ ಎತ್ತಿದ ಹಾಗೆ ಹರಿಯುತ್ತದೆ. ಗಾಜಿನ ಸಮೇತ ಬಫರಿನಲ್ಲಿ ಮುಳುಗಿಸಿ, ನೀರಿನೊಳಗೇ ಬಿಡಿಸಿಕೊಳ್ಳಿ.

ಲೇನಿಗೆ 30 ಮೈಕ್ರೋಗ್ರಾಂ ಹಾಕಿ ಶುರುಮಾಡಿ. ಗಾತ್ರ ಗೊತ್ತಿರುವ ಪ್ರೋಟೀನುಗಳ ಮಾರ್ಕರ್ 250 ಕಿಲೋಡಾಲ್ಟನ್ನಿನವರೆಗಾದರೂ ಇರಲಿ. ಸ್ಟ್ಯಾಕಿಂಗ್ ದಾಟುವವರೆಗೆ 80 ವೋಲ್ಟ್, ಆಮೇಲೆ 110. ನೀಲಿ ಬಣ್ಣ ಕೆಳಗಿಳಿದು ಹೋಯಿತೆಂದು ಗಾಬರಿಯಿಂದ ನಿಲ್ಲಿಸಬೇಡಿ. 75ರ ಮಾರ್ಕರ್ ಕೆಳ ಅಂಚಿಗೆ ಬರುವವರೆಗೆ ಓಡಲಿ.

ಇಲ್ಲೊಂದು ಎಡವಟ್ಟು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಇಷ್ಟು ಓಡಿಸಿದರೆ 42 ಕಿಲೋಡಾಲ್ಟನ್ನಿನ ಆಕ್ಟಿನ್ ಜೆಲ್ಲಿನಿಂದಲೇ ಹೊರಗೆ ಹೋಗಿರುತ್ತದೆ. ಎಲ್ಲ ಲೇನಿಗೂ ಒಂದೇ ಪ್ರಮಾಣ ಹಾಕಿದ್ದೀರಿ ಎಂದು ತೋರಿಸುವ ಲೋಡಿಂಗ್ ಕಂಟ್ರೋಲ್ ಆಮೇಲೆ ಎಲ್ಲಿಂದ ತರುತ್ತೀರಿ? ಅದಕ್ಕೆ ವಿನ್‌ಕುಲಿನ್ ಬಳಸಿ, ಸುಮಾರು 120 ಕಿಲೋಡಾಲ್ಟನ್. ಅದು ಜೆಲ್ಲಿನಲ್ಲೇ ಉಳಿದಿರುತ್ತದೆ.

ಟ್ರಾನ್ಸ್‌ಫರ್

ನನ್ನ ಮೂರು ತಿಂಗಳು ಹೋದದ್ದು ಇಲ್ಲಿ. ನಮ್ಮಲ್ಲಿ ಹದಿನೈದು ನಿಮಿಷದ ಸೆಮಿ ಡ್ರೈ ಯಂತ್ರ ಇತ್ತು. ಸಣ್ಣ ಪ್ರೋಟೀನಿಗೆ ಅದು ಚಿನ್ನ. 265 ಕಿಲೋಡಾಲ್ಟನ್ ಅಂಥ ಅವಸರಕ್ಕೆ ಬಗ್ಗುವುದಿಲ್ಲ. ತೊಟ್ಟಿಯ ವೆಟ್ ಟ್ರಾನ್ಸ್‌ಫರ್ ಮಾಡಿ. 4 ಡಿಗ್ರಿಯಲ್ಲಿ 30 ವೋಲ್ಟ್, ರಾತ್ರಿಯಿಡೀ.

ಬಫರಿನಲ್ಲಿ 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸಿನ್ ಮಾಮೂಲಿ. ಬದಲಾಗುವುದು ಮೆಥನಾಲ್. ಎಲ್ಲರೂ 20 ಶೇಕಡಾ ಹಾಕುತ್ತಾರೆ. ಮೆಥನಾಲ್ ಜೆಲ್ಲನ್ನು ಕುಗ್ಗಿಸುತ್ತದೆ, ಎಸ್‌ಡಿಎಸ್ ಕಳಚುತ್ತದೆ, ದೊಡ್ಡ ಪ್ರೋಟೀನ್ ಸಿಕ್ಕಿಹಾಕಿಕೊಳ್ಳುತ್ತದೆ. 10 ಶೇಕಡಾಕ್ಕೆ ಇಳಿಸಿ, 0.05 ಶೇಕಡಾ ಎಸ್‌ಡಿಎಸ್ ಸೇರಿಸಿ. ಎಸ್‌ಡಿಎಸ್ ಪ್ರೋಟೀನನ್ನು ತಳ್ಳಿಕೊಂಡು ಹೋಗುತ್ತದೆ. ಜಾಸ್ತಿ ಹಾಕಿದರೆ ಮೆಂಬ್ರೇನಿಗೂ ಅಂಟಲು ಬಿಡುವುದಿಲ್ಲ, ಹಾಗಾಗಿ ಕೈ ಹಿಡಿತದಲ್ಲಿರಲಿ. ಮೆಂಬ್ರೇನ್ 0.45 ಮೈಕ್ರಾನಿನ ಪಿವಿಡಿಎಫ್. ಮೊದಲು ಮೆಥನಾಲಿನಲ್ಲಿ ಅರ್ಧ ನಿಮಿಷ ನೆನೆಸಿ, ಆಮೇಲೆ ಬಫರಿಗೆ. ಗುಳ್ಳೆಗಳನ್ನು ಟೆಸ್ಟ್ ಟ್ಯೂಬ್ ಉರುಳಿಸಿ ತೆಗೆಯಿರಿ, ಚಪಾತಿ ಲಟ್ಟಿಸುವಂತೆ, ಆದರೆ ಒತ್ತಬೇಡಿ.

ಇನ್ನು ಕರೆಂಟ್. ರಾತ್ರಿ ಎರಡಕ್ಕೆ ಹೋಗಿ ಎರಡೂಕಾಲಿಗೆ ಬಂದರೆ ನಮಗೆ ಗೊತ್ತೂ ಆಗುವುದಿಲ್ಲ. ಆದರೆ ನಮ್ಮ ಪವರ್ ಪ್ಯಾಕ್ ಒಮ್ಮೆ ನಿಂತರೆ ತಾನಾಗಿ ಮತ್ತೆ ಶುರುವಾಗುವುದಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಅರ್ಧ ಟ್ರಾನ್ಸ್‌ಫರ್. ಮೇ ತಿಂಗಳ ಗಾಳಿಮಳೆಯಲ್ಲಿ ಇದು ಎರಡು ಸಲ ಆಯಿತು. ಕೋಲ್ಡ್ ರೂಮಿನ ಆ ಒಂದು ಪ್ಲಗ್ ಯುಪಿಎಸ್ ಮೇಲಿದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ನರನ್ನು ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಹಗಲಲ್ಲೇ, ಸುತ್ತ ಐಸ್ ತುಂಬಿ, 100 ವೋಲ್ಟಿಗೆ ಎರಡು ಗಂಟೆ ಮಾಡಿ. ಪಕ್ಕದಲ್ಲೇ ಇರಿ.

ಟ್ರಾನ್ಸ್‌ಫರ್ ಆದ ಮೇಲೆ ಮೆಂಬ್ರೇನಿಗೆ ಪ್ರೋಟೀನ್ ತೋರಿಸುವ ಪಾನ್ಸೋ ಬಣ್ಣ, ಜೆಲ್ಲಿಗೆ ಕೂಮಾಸಿ. ಎರಡೂ ಮಾಡಿ. ಲಿವರ್ ಆದರೆ 160ರ ಆಸುಪಾಸಿನಲ್ಲಿ ಒಂದು ದಪ್ಪ ಪಟ್ಟೆ ಕಾಣುತ್ತದೆ. ಅದು ಯೂರಿಯಾ ತಯಾರಿಯ ಕಿಣ್ವ, ಸಿಪಿಎಸ್1. ಲಿವರಿನಲ್ಲಿ ರಾಶಿ ರಾಶಿ ಇರುತ್ತದೆ. ಆ ಪಟ್ಟೆ ಮೆಂಬ್ರೇನಿಗೆ ಬಂದಿಲ್ಲ ಎಂದರೆ ಅದಕ್ಕಿಂತ ಮೇಲಿರುವ ಎಸಿಸಿ ಬಂದಿರುವ ಆಸೆ ಬಿಡಿ. ಅಂಥ ದಿನ ಆಂಟಿಬಾಡಿ ಹೊರಗೆ ತೆಗೆಯಬೇಡಿ. ದುಡ್ಡು ಉಳಿಯುತ್ತದೆ.

ಬ್ಲಾಕಿಂಗ್ ಮತ್ತು ಆಂಟಿಬಾಡಿ

ಮೆಂಬ್ರೇನನ್ನು 150ರ ಗುರುತಿನ ಹತ್ತಿರ ಅಡ್ಡಕ್ಕೆ ಕತ್ತರಿಸಿ. ಮೇಲಿನ ಪಟ್ಟಿ ಎಸಿಸಿಗೆ, ಕೆಳಗಿನದು ವಿನ್‌ಕುಲಿನ್ನಿಗೆ. ಆಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ, 5 ಶೇಕಡಾ ಬಿಎಸ್ಎ ಪ್ರೋಟೀನ್ ಹಾಕಿದ ಟಿಬಿಎಸ್‌ಟಿ ಬಫರಿನಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ. ಹಾಲಿನ ಪುಡಿ ಅಗ್ಗ, ಒಟ್ಟು ಎಸಿಸಿಗೆ ನಡೆಯುತ್ತದೆ. ಫಾಸ್ಫೋಗೆ ಬೇಡ. ಹಾಲಿನ ಕೇಸಿನ್ನಿಗೇ ಫಾಸ್ಫೇಟ್ ಅಂಟಿರುತ್ತದೆ, ಮಂಜು ಮಂಜಾಗುತ್ತದೆ.

ಆಂಟಿಬಾಡಿ 1:1000ರಿಂದ ಶುರು. ಮೊದಲ ಸಲ ಒಂದೇ ಸ್ಯಾಂಪಲ್ಲನ್ನು ನಾಲ್ಕು ಲೇನಿಗೆ ಹಾಕಿ, ಪಟ್ಟಿ ಕತ್ತರಿಸಿ, 1:500, 1:1000, 1:2000, 1:4000 ನೋಡಿಬಿಡಿ. ನಮಗೆ 1:2000 ಸಾಕಾಯಿತು, ಅಂದರೆ ಒಂದು ವಯಲ್ ಎರಡು ವಯಲ್ ಆಯಿತು. ಪಟ್ಟಿ ಸಣ್ಣದಾದ್ದರಿಂದ ದೊಡ್ಡ ಡಬ್ಬಿ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೀಲ್ ಮಾಡಿದರೆ 3 ಮಿಲಿ ದ್ರಾವಣ ಸಾಕು. 4 ಡಿಗ್ರಿಯಲ್ಲಿ ರಾತ್ರಿಯಿಡೀ ಅಲ್ಲಾಡಿಸಿ. ಬಳಸಿದ ದ್ರಾವಣಕ್ಕೆ 0.02 ಶೇಕಡಾ ಸೋಡಿಯಂ ಅಜೈಡ್ ಹಾಕಿ ಇಟ್ಟುಕೊಂಡರೆ ಇನ್ನೊಂದೆರಡು ಸಲ ಬರುತ್ತದೆ. ಆದರೆ ಅಜೈಡ್ ಎಚ್‌ಆರ್‌ಪಿಯನ್ನು, ಅಂದರೆ ಕೊನೆಗೆ ಬೆಳಕು ಬರಿಸುವ ಕಿಣ್ವವನ್ನು, ಕೊಲ್ಲುತ್ತದೆ. ಸೆಕೆಂಡರಿಗೆ (ಮೊದಲು ಹಾಕಿದ ಪ್ರೈಮರಿ ಆಂಟಿಬಾಡಿಯನ್ನು ಹಿಡಿಯುವ ಎರಡನೇ ಆಂಟಿಬಾಡಿಗೆ) ಮೊದಲು ಚೆನ್ನಾಗಿ ತೊಳೆಯಿರಿ, ಸೆಕೆಂಡರಿಯ ಬಫರಿಗೆ ಅಜೈಡ್ ಮುಟ್ಟಿಸಲೂ ಬೇಡಿ.

ಟಿಬಿಎಸ್‌ಟಿಯಲ್ಲಿ 10 ನಿಮಿಷದಂತೆ ಮೂರು ಸಲ ತೊಳೆದು, ಎಚ್‌ಆರ್‌ಪಿ ಕಟ್ಟಿದ ಸೆಕೆಂಡರಿ 1:5000, ಒಂದು ಗಂಟೆ. ಮತ್ತೆ ಮೂರು ತೊಳೆತ. ಎಚ್‌ಆರ್‌ಪಿಯಿಂದ ಬೆಳಕು ಬರಿಸುವ ಇಸಿಎಲ್ ದ್ರಾವಣ ಹಾಕಿ 10 ಸೆಕೆಂಡಿನಿಂದ ಚಿತ್ರ ತೆಗೆಯುತ್ತ ಹೋಗಿ. ಪೂರ್ತಿ ಕಪ್ಪಾದ ಬ್ಯಾಂಡನ್ನು ಅಳೆಯುವುದು ವ್ಯರ್ಥ.

ಫಾಸ್ಫೋ ಮತ್ತು ಒಟ್ಟು ಎರಡೂ ಮೊಲದ ಆಂಟಿಬಾಡಿ ಆಗಿದ್ದರೆ ಫಾಸ್ಫೋ ಮೊದಲು ಮಾಡಿ, ಆಮೇಲೆ ಸ್ಟ್ರಿಪ್ ಮಾಡಿ, ಅಂದರೆ ಅಂಟಿದ ಆಂಟಿಬಾಡಿಯನ್ನು ಕಳಚಿ, ಒಟ್ಟು. ನನಗೆ ಸ್ಟ್ರಿಪ್ ಮೇಲೆ ನಂಬಿಕೆ ಕಡಿಮೆ, ಎರಡು ಜೆಲ್ ಓಡಿಸುತ್ತೇನೆ.

ಬಂದ ಬ್ಯಾಂಡ್ ಎಸಿಸಿಯೇ ಹೌದಾ?

ಇದಕ್ಕೆ ಪುಕ್ಕಟೆ ಎನ್ನಬಹುದಾದ ಒಂದು ಉಪಾಯ ಇದೆ. ಎಸಿಸಿಗೆ ಬಯೋಟಿನ್ ಹುಟ್ಟಿನಿಂದಲೇ ಅಂಟಿರುತ್ತದೆ. ಹಾಗಾಗಿ ಆಂಟಿಬಾಡಿಯೇ ಇಲ್ಲದೆ, ಬಯೋಟಿನ್ನನ್ನು ಬಿಗಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಎಚ್‌ಆರ್‌ಪಿ ಒಂದನ್ನೇ ಹಾಕಿದರೂ ಎಸಿಸಿ ಹೊಳೆಯುತ್ತದೆ. ಮೆಂಬ್ರೇನ್ ಕತ್ತರಿಸದೆ ಒಂದು ಲೇನ್ ಹೀಗೆ ಮಾಡಿ. 130ರ ಹತ್ತಿರ ಪೈರುವೇಟ್ ಕಾರ್ಬಾಕ್ಸಿಲೇಸ್, 75ರ ಹತ್ತಿರ ಇನ್ನೆರಡು ಬಯೋಟಿನ್ ಕಿಣ್ವಗಳು, ಎಲ್ಲಕ್ಕಿಂತ ಮೇಲೆ ನಮ್ಮ ಎಸಿಸಿ. ಆಂಟಿಬಾಡಿಯ ಬ್ಯಾಂಡ್ ಇದರ ಎತ್ತರಕ್ಕೇ ಬಂದರೆ ಅರ್ಧ ನಂಬಬಹುದು. ಇಲ್ಲಿ ಹಾಲಿನ ಪುಡಿಯ ಬ್ಲಾಕ್ ಬೇಡ, ಹಾಲಿನಲ್ಲೂ ಬಯೋಟಿನ್ ಇದೆ. ಇದೇ ಕಾರಣಕ್ಕೆ ಎಸಿಸಿ ಕೆಲಸದಲ್ಲಿ ಬಯೋಟಿನ್ ಕಟ್ಟಿದ ಸೆಕೆಂಡರಿ ಬಳಸಬಾರದು. ಪ್ರೈಮರಿ ಹಾಕದ ಲೇನಿನಲ್ಲೂ ಸುಂದರವಾದ ಬ್ಯಾಂಡ್ ಬಂದು ಮೋಸ ಮಾಡುತ್ತದೆ.

ಉಳಿದರ್ಧ ನಂಬಿಕೆಗೆ ಅಂಗಾಂಶಗಳನ್ನು ಪಕ್ಕಪಕ್ಕ ಓಡಿಸಿ. ಎರಡನ್ನೂ ಹಿಡಿಯುವ ಆಂಟಿಬಾಡಿ ಆದರೆ ಲಿವರಿನಲ್ಲಿ ಕೆಳಗಿನ ಗೆರೆ ಜೋರು, ಹೃದಯದಲ್ಲಿ ಮೇಲಿನದು ಜೋರು. ಆ ಚಿಕ್ಕ ಏರಿಳಿತ ಕಂಡ ದಿನ ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದ್ದೆ. ಫಾಸ್ಫೋ ಆಂಟಿಬಾಡಿಯನ್ನು ಪರೀಕ್ಷಿಸಲು, ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಲಿವರಿನ ಹೆಪ್‌ಜಿ2 ಕೋಶಗಳಿಗೆ 1 ಮಿಲಿಮೋಲಾರ್ ಐಕಾರ್ ಎಂಬ ರಾಸಾಯನಿಕವನ್ನು ಒಂದು ಗಂಟೆ ಕೊಡಿ. ಅದು ಎಎಂಪಿಕೆಯನ್ನು ಎಬ್ಬಿಸುತ್ತದೆ. ಫಾಸ್ಫೋ ಬ್ಯಾಂಡ್ ಏರಬೇಕು, ಒಟ್ಟು ಹಾಗೇ ಇರಬೇಕು. ಇನ್ನೊಂದು ಭಾಗವನ್ನು ಫಾಸ್ಫಟೇಸ್ ತಡೆಗಳಿಲ್ಲದೆ ಲೈಸಿಸ್ ಮಾಡಿ, ಫಾಸ್ಫೇಟ್ ಕಳಚುವ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿ. ಅಲ್ಲಿ ಫಾಸ್ಫೋ ಬ್ಯಾಂಡ್ ಅಳಿಸಿ ಹೋಗಬೇಕು. ಹೋಗದಿದ್ದರೆ ಆಗ ಕಂಪನಿಗೆ ಇಮೇಲ್ ಬರೆಯಬಹುದು.

250ರ ಕೆಳಗೆ ಏಣಿಯಂತೆ ಹಲವು ಗೆರೆ ಬಂದರೆ ಬಹುಶಃ ಪ್ರೋಟೀನ್ ಒಡೆದಿದೆ. ಅದೇ ಟ್ಯೂಬನ್ನು ಮತ್ತೆ ಓಡಿಸಿ ಉಪಯೋಗವಿಲ್ಲ, ಹೆಪ್ಪುಗಟ್ಟಿಸಿಟ್ಟ ತುಂಡಿನಿಂದ ಹೊಸದಾಗಿ ತಯಾರಿಸಿ. ಮೇಲಿನಿಂದ ಕೆಳಗೆ ಎಲ್ಲ ಮಬ್ಬು ಅಂದರೆ ಪ್ರೈಮರಿ ಜಾಸ್ತಿ, ಇಲ್ಲವೇ ತೊಳೆದದ್ದು ಸಾಲದು.

ಲಾಟ್ ನಂಬರ್ ಪ್ರತಿ ಬ್ಲಾಟಿನ ಜೊತೆ ಪುಸ್ತಕದಲ್ಲಿ ಬರೆಯಿರಿ. ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣ) ಆದರೆ ಲಾಟಿನಿಂದ ಲಾಟಿಗೆ ಗುಣ ಬದಲಾಗುತ್ತದೆ. ಅದಕ್ಕೆ ಐಕಾರ್ ಕೊಟ್ಟ ಒಂದು ದೊಡ್ಡ ಲೈಸೇಟ್ ಮಾಡಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80ರಲ್ಲಿ ಇಟ್ಟುಕೊಳ್ಳಿ. ಹೊಸ ವಯಲ್ ಬಂದಾಗಲೆಲ್ಲ ಹಳೆಯದರ ಪಕ್ಕ ಅದೇ ಲೈಸೇಟಿನ ಮೇಲೆ ಓಡಿಸಿ ನೋಡಿ. ನಮ್ಮ ಆ ಡಬ್ಬಿಯ ಮೇಲೆ ದೊಡ್ಡದಾಗಿ "ಮುಟ್ಟಬೇಡಿ" ಎಂದು ಬರೆದಿದ್ದೆ. ಎರಡೇ ವಾರದಲ್ಲಿ ನಾಲ್ಕು ಟ್ಯೂಬ್ ಕಾಣೆಯಾದವು. ಈಗ "ಹಳೆಯ ಬಫರ್, 2019" ಎಂದು ಬರೆದಿಟ್ಟಿದ್ದೇನೆ. ಯಾರೂ ಮುಟ್ಟಿಲ್ಲ.